ಸೆಕೆಂಡ್ ಹ್ಯಾಂಡ್ ಕಾರಲ್ಲಿ ಕೂಲೆಂಟ್ ಮಾಯ ಆಗ್ತಿದ್ಯಾ? ಹೆಡ್ ಬಿಚ್ಚೋಕೆ ಒಪ್ಕೊಳ್ಳೋ ಮುಂಚೆ ಇದನ್ನೆಲ್ಲ ನೋಡಿ

ನಾನು ತಗೊಂಡಿದ್ದು 9 ವರ್ಷ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೇಳಿದವರೆಲ್ಲ ಕಣ್ಮುಚ್ಕೊಂಡು ತಗೋ ಅಂತಿದ್ದ ಕಂಪನಿದು, ಓಡಿದ್ದೂ ಜಾಸ್ತಿ ಇರ್ಲಿಲ್ಲ, ಇಂಜಿನ್ ಸದ್ದೂ ಚೆನ್ನಾಗಿತ್ತು. ಎರಡನೇ ವಾರಕ್ಕೆ ಸುಮ್ನೆ ಬಾನೆಟ್ ಎತ್ತಿ ನೋಡಿದ್ರೆ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಬಾಟ್ಲಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗೆ. ತುಂಬಿಸ್ದೆ, ಇನ್ನೊಂದು ವಾರ ಬಿಟ್ಟು ನೋಡಿದ್ರೆ ಮತ್ತೆ ಸುಮಾರು 200 ಎಂಎಲ್ ಕಮ್ಮಿ. ಗಾಡಿ ನಿಲ್ಲಿಸೋ ಜಾಗದಲ್ಲಿ ಒಂದು ಹನಿ ಇಲ್ಲ. ವರ್ಕ್‌ಶಾಪ್ ಒಂದಕ್ಕೆ ತೋರಿಸಿದ್ರೆ ಅವರು ಆಯಿಲ್ ಹಾಕೋ ಮುಚ್ಚಳ ತೆಗೆದ್ರು, ಒಳಗಡೆ ಸ್ವಲ್ಪ ಬೆಳ್ಳಗೆ ಕೆನೆ ತರ ಅಂಟಿತ್ತು, ಅಷ್ಟಕ್ಕೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಹೆಡ್ ಇಳಿಸ್ಬೇಕು ಅಂದ್ಬಿಟ್ರು. ಹೆಡ್ ಅಂದ್ರೆ ಇಂಜಿನ್ನಿನ ಮೇಲ್ಭಾಗ, ಕೆಳಗಿನ ದೊಡ್ಡ ಭಾಗ ಬ್ಲಾಕ್, ಎರಡರ ನಡುವೆ ಸೋರದ ಹಾಗೆ ಕೂರೋ ಪದರವೇ ಹೆಡ್ ಗ್ಯಾಸ್ಕೆಟ್. ಒಂದೇ ಒಂದು ಟೆಸ್ಟ್ ಮಾಡ್ಲಿಲ್ಲ. ಹೆಡ್ ಇಳಿಸೋದು ಅಂದ್ರೆ ಟೈಮಿಂಗ್ ಬಿಚ್ಚಿ, ಮ್ಯಾನಿಫೋಲ್ಡ್ ಬಿಚ್ಚಿ, ಚೆನ್ನಾಗಿರೋ ಇಂಜಿನ್ನಿನ ಅರ್ಧ ಭಾಗ ಹೊರಗಿಟ್ಟು ಮತ್ತೆ ಜೋಡ್ಸೋದು. ಅಂಥ ಕೆಲ್ಸಕ್ಕೆ ಊಹೆ ಸಾಕಾಗಲ್ಲ ಅನ್ಸಿ ಗಾಡಿ ವಾಪಸ್ ತಂದೆ, ಮುಂದಿನ ಮೂರು ವಾರ ನಾನೇ ಕೂತು ಹುಡುಕ್ದೆ. ಆ ಕ್ರಮವನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ವಿಷ್ಯದಲ್ಲಿ ಎಲ್ಲಿಂದ ಶುರು ಮಾಡ್ತೀರ ಅನ್ನೋದ್ರ ಮೇಲೆ ಮುಕ್ಕಾಲು ಪಾಲು ನಿಂತಿದೆ.

ಕಂಪನಿ ಹೆಸರಿನ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ಒಳ್ಳೇ ಹೆಸರು ಅಂದ್ರೆ ಆ ಕಂಪನಿ ಗಾಡಿಗಳು ಒಟ್ಟಾರೆ ಚೆನ್ನಾಗಿ ಬಾಳಿಕೆ ಬರ್ತವೆ ಅಂತ ಅಷ್ಟೇ, ನಿಮ್ಮ ಬಾನೆಟ್ ಕೆಳಗಿರೋ ಆ ಒಂದು ಇಂಜಿನ್ ಹೇಗಿದೆ ಅಂತ ಅದು ಹೇಳಲ್ಲ. ಟೊಯೋಟಾನೇ ತಗೊಳ್ಳಿ, ಅವರ 2.4 ಲೀಟರ್ 2ಎಝಡ್-ಎಫ್‌ಇ ಇಂಜಿನ್ನಲ್ಲಿ, 2002ರಿಂದ 2006ರ ಸುಮಾರಿನ ಕ್ಯಾಮ್ರಿಗಳಲ್ಲಿ, ಹೆಡ್ ಬೋಲ್ಟ್ ಕೂರೋ ಬ್ಲಾಕಿನ ಥ್ರೆಡ್ಡೇ ಕಿತ್ಕೊಂಡು ಬರ್ತಿತ್ತು, ಕೂಲೆಂಟ್ ಇಂಜಿನ್ನಿನ ಹಿಂಭಾಗದಲ್ಲಿ ಅಂದ್ರೆ ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ (ಫೈರ್‌ವಾಲ್) ಕಡೆ ಜಿನುಗ್ತಿತ್ತು. ಹೋಂಡಾ ಸಿವಿಕ್ 1.8ರಲ್ಲಿ 2006ರಿಂದ 2008, ಇನ್ನು 2009ರ ಮೊದಲ ಕೆಲವು ಗಾಡಿಗಳಲ್ಲೂ, ಬ್ಲಾಕೇ ಸೀಳು ಬಿಡ್ತಿತ್ತು, ಅದಕ್ಕೆ ಹೋಂಡಾ ಬ್ಲಾಕ್ ವಾರಂಟಿಯನ್ನ 10 ವರ್ಷಕ್ಕೆ ಏರಿಸ್ತು. ಸುಬಾರು ಇಜೆ25 ಇಂಜಿನ್ನಲ್ಲಿ ಹೆಡ್ ಗ್ಯಾಸ್ಕೆಟ್ ಬಹಳಷ್ಟು ಸಲ ಹೊರಗಡೆಗೆ, ಅದೂ ಹೆಡ್ಡಿನ ಕೆಳ ಅಂಚಿನಿಂದ ಸೋರುತ್ತೆ. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಇಜಿಆರ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನ ಮತ್ತೆ ಇಂಜಿನ್ನಿಗೆ ಕಳಿಸೋ ವ್ಯವಸ್ಥೆ) ದಾರಿ ಮಸಿ ಕಟ್ಕೊಂಡು ಆಮೇಲೆ ಗ್ಯಾಸ್ಕೆಟ್ ಹೋಗೋದು ತುಂಬ ಜನ ನೋಡಿರೋದೇ, ಬೆಳಿಗ್ಗೆ ಸ್ಟಾರ್ಟ್ ಆದಾಗ ಇಂಜಿನ್ ಗಡಗಡ ಅಂತ ನಡುಗಿ ಆಮೇಲೆ ಸರಿಹೋಗೋದು ಅದ್ರ ಗುರುತು. ಫೋರ್ಡ್ 1.6 ಇಕೋಬೂಸ್ಟ್‌ಗೆ 2017ರಲ್ಲಿ ರೀಕಾಲ್ ಆಯ್ತು (ಕಂಪನಿಯೇ ಗಾಡಿ ವಾಪಸ್ ಕರೆಸಿ ಸರಿಮಾಡೋದು), ಕೂಲೆಂಟ್ ಸರಿಯಾಗಿ ಹರೀದೆ ಹೆಡ್ ಬಿರುಕು ಬಿಟ್ಟು ಆಯಿಲ್ ಸೋರಿ ಬೆಂಕಿ ಹತ್ತೋ ಅಪಾಯ ಇತ್ತು. ಇದನ್ನೆಲ್ಲ ಹೆದರ್ಸೋಕೆ ಹೇಳ್ತಿಲ್ಲ. ಗಮನಿಸಿ ನೋಡಿ, ಒಂದೊಂದು ಇಂಜಿನ್ ಒಂದೊಂದು ಜಾಗದಲ್ಲಿ ಕೈಕೊಡುತ್ತೆ. ಅದಕ್ಕೇ ಗಾಡಿ ಮಾಡೆಲ್ ಹೆಸರಲ್ಲ, ಇಂಜಿನ್ ಕೋಡ್ ತಿಳ್ಕೊಳ್ಳಿ, ಆ ಇಂಜಿನ್ನಿನ ಮಾಮೂಲಿ ಕಾಯಿಲೆ ಯಾವ್ದು ಅಂತ ತಿಳ್ಕೊಂಡ್ರೆ ಟಾರ್ಚ್ ಮೊದ್ಲು ಎಲ್ಲಿಗೆ ಹಿಡೀಬೇಕು ಅಂತ ಗೊತ್ತಾಗುತ್ತೆ. ರೀಕಾಲ್ ಬಾಕಿ ಇದ್ಯಾ ಅಂತ ಚಾಸಿಸ್ ನಂಬರ್ ಹಾಕಿ ನೋಡೋದು ಎರಡು ನಿಮಿಷದ ಕೆಲ್ಸ.

ಕೈ ಹಾಕೋ ಮುಂಚೆ ಎರಡು ಮಾತು, ದಯವಿಟ್ಟು ಬಿಡದೆ ಓದಿ. ಬಿಸಿ ಇಂಜಿನ್ನಿನ ಕೂಲೆಂಟ್ ಮುಚ್ಚಳ ಯಾವ ಕಾರಣಕ್ಕೂ ತೆಗೀಬೇಡಿ. ಅರ್ಧ ನೀರು ಅರ್ಧ ಕೂಲೆಂಟ್ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತೆ, ಮುಚ್ಚಳ 1.1 ಬಾರ್ ಒತ್ತಡ ಹಿಡ್ಕೊಂಡಿರೋದ್ರಿಂದ ಒಳಗಡೆ 125 ಡಿಗ್ರಿ ದಾಟಿದ್ರೂ ಕುದೀದೆ ಸುಮ್ನಿರುತ್ತೆ, ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಬರುತ್ತೆ. ಎರಡನೇದು, ಎಥಿಲೀನ್ ಗ್ಲೈಕಾಲ್ ಇರೋ ಕೂಲೆಂಟ್ ರುಚಿ ಸಿಹಿ, ಆದ್ರೆ ವಿಷ. ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ, ಮಕ್ಕಳಿಗೂ ಅಪಾಯ. ಚೆಲ್ಲಿದ್ದನ್ನ ಆಗಿಂದಾಗ್ಲೇ ಒರೆಸಿ ತೊಳೀರಿ, ತೆರೆದ ಬಕೆಟ್‌ನಲ್ಲಿ ರಾತ್ರಿ ಬಿಡ್ಬೇಡಿ.

ಈಗ ಕೆಲ್ಸ. ಮೊದಲ ಕೆಲ್ಸ ಅಳತೆ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಗಾಡಿ ಸಮತಟ್ಟು ಜಾಗದಲ್ಲಿದ್ದಾಗ, ಬಾಟ್ಲಿ ಮೇಲೆ ಮಟ್ಟಕ್ಕೆ ಸರಿಯಾಗಿ ಒಂದು ಟೇಪ್ ಅಂಟಿಸಿ. ಆಮೇಲೆ ದಿನಾ ಅದೇ ಹೊತ್ತಿಗೆ ನೋಡಿ ಕಿಲೋಮೀಟರ್ ಜೊತೆ ಬರೆದಿಡಿ. ಬಿಸಿ ಇದ್ದಾಗ ಮಟ್ಟ ಏರೋದು ಸಹಜ, ಅದಕ್ಕೇ ಒಂದಿನ ಬಿಸಿ ಒಂದಿನ ತಣ್ಣಗೆ ನೋಡಿದ್ರೆ ಇಲ್ಲದ ಸೋರಿಕೆ ಇರೋ ಹಾಗೆ ಕಾಣುತ್ತೆ. ನನ್ನ ಪುಸ್ತಕದಲ್ಲಿ ಎರಡು ವಾರಕ್ಕೆ ಒಂದು ಸಂಗತಿ ಕಾಣಿಸ್ತು, ಒಂದೇ ಸಲ ದೂರ ಓಡಿಸಿದ ದಿನ ಮಟ್ಟ ಅಷ್ಟಾಗಿ ಇಳೀತಿರ್ಲಿಲ್ಲ, ದಿನಕ್ಕೆ ನಾಲ್ಕೈದು ಸಲ ಸ್ಟಾರ್ಟ್ ಮಾಡಿ ಆರಿಸಿದ ದಿನ ಜಾಸ್ತಿ ಇಳೀತಿತ್ತು. ಅದು ಯಾಕೆ ಅಂತ ಆಮೇಲೆ ಅರ್ಥ ಆಯ್ತು, ಕೆಳಗೆ ಬರುತ್ತೆ.

ಬಾಟ್ಲಿ ಮಾತ್ರ ನೋಡಿ ನಂಬೋ ಹಾಗಿಲ್ಲ ಅನ್ನೋದೂ ಗೊತ್ತಿರ್ಲಿ. ಗಾಡಿಗಳಲ್ಲಿ ಎರಡು ತರ ಇದೆ. ಒಂದರಲ್ಲಿ ಬಾಟ್ಲಿಗೇ ಒತ್ತಡದ ಮುಚ್ಚಳ ಇರುತ್ತೆ, ಅಲ್ಲಿ ಬಾಟ್ಲಿ ಮಟ್ಟವೇ ನಿಜವಾದ ಮಟ್ಟ. ಇನ್ನೊಂದರಲ್ಲಿ ರೇಡಿಯೇಟರ್ ಮೇಲೆ ಮುಚ್ಚಳ, ಪಕ್ಕದಲ್ಲಿ ಒತ್ತಡ ಇಲ್ಲದ ಸಾದಾ ಬಾಟ್ಲಿ. ಈ ಎರಡನೇ ತರದ್ದರಲ್ಲಿ ಮುಚ್ಚಳದೊಳಗೆ ಎರಡು ವಾಲ್ವ್ ಇರುತ್ತೆ, ಒಂದು ಒತ್ತಡ ಹೆಚ್ಚಾದಾಗ ಬಾಟ್ಲಿಗೆ ಬಿಡೋಕೆ, ಇನ್ನೊಂದು ತಣ್ಣಗಾದಾಗ ಬಾಟ್ಲಿಯಿಂದ ವಾಪಸ್ ಎಳ್ಕೊಳ್ಳೋಕೆ. ಆ ಎರಡನೇ ವಾಲ್ವ್ ಕೆಟ್ಟಿದ್ರೆ ಬಾಟ್ಲಿ ತುಂಬಿರುತ್ತೆ, ರೇಡಿಯೇಟರ್ ಖಾಲಿ ಇರುತ್ತೆ, ನೀವು ದಿನಾ ಬಾಟ್ಲಿ ನೋಡಿ ಎಲ್ಲ ಸರಿ ಇದೆ ಅನ್ಕೊಂಡು ಓಡಿಸ್ತಿರ್ತೀರ. ತಣ್ಣಗಾದ ಮೇಲೆ ಮೇಲಿನ ದಪ್ಪ ಹೋಸ್ ಒಳಕ್ಕೆ ಚಪ್ಪಟೆ ಆಗಿದ್ರೆ ಇದೇ ವಾಲ್ವ್ ಮೇಲೆ ಅನುಮಾನ ಪಡಿ. ಮುಚ್ಚಳ ಒತ್ತಡ ಹಿಡೀದಿದ್ರೆ ಕೂಲೆಂಟ್ ಬೇಗ ಕುದ್ದು ಬಾಟ್ಲಿ ಮೂಲಕ ಹೊರಗೆ ಹೋಗುತ್ತೆ. ಎರಡಕ್ಕೂ ಔಷಧ ಒಂದೇ, ಅದೇ ಬಾರ್ ಬರೆದಿರೋ ಹೊಸ ಮುಚ್ಚಳ. ಇಡೀ ಸಿಸ್ಟಂನಲ್ಲಿ ಅತಿ ಅಗ್ಗದ ಪಾರ್ಟ್ ಇದೇ, ಮೊದ್ಲು ಇದನ್ನೇ ಬದಲಾಯಿಸಿ ನೋಡೋದ್ರಲ್ಲಿ ಯಾವ ನಷ್ಟವೂ ಇಲ್ಲ.

ಹಳೇ ಗಾಡಿ ಅಂದ್ಮೇಲೆ ಮುಂಚಿನ ಓನರ್ ಏನು ಮಾಡಿದಾರೆ ಅನ್ನೋದೂ ದೋಷದ ಒಂದು ಭಾಗನೇ. ಬಾಟ್ಲಿ ಒಳಗೆ ಕಂದು ಕೆಸರು, ಹೊಳೆಯೋ ಪುಡಿ ತರ ಕಂಡ್ರೆ ಸೋರಿಕೆ ಮುಚ್ಚೋ ಸ್ಟಾಪ್ ಲೀಕ್ ಹಾಕಿದಾರೆ ಅಂತ ಅನುಮಾನಿಸಿ, ಅದು ರೇಡಿಯೇಟರ್, ಹೀಟರ್ ಕೋರ್‌ನ (ಕಾರಿನ ಒಳಗೆ ಬಿಸಿ ಗಾಳಿ ಕೊಡೋ ಪುಟ್ಟ ರೇಡಿಯೇಟರ್) ಸಣ್ಣ ನಾಳಗಳನ್ನೂ ಕಟ್ಟಿಹಾಕಿರುತ್ತೆ. ಬಣ್ಣ ತೀರಾ ತೆಳುವಾಗಿದ್ರೆ ನಲ್ಲಿ ನೀರು ಸೇರಿಸ್ತಾ ಬಂದಿದಾರೆ. ಬಣ್ಣ ನೋಡಿ ಯಾವ ಜಾತಿ ಕೂಲೆಂಟ್ ಅಂತ ತೀರ್ಮಾನ ಮಾಡ್ಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ, ಮ್ಯಾನ್ಯುಯಲ್‌ನಲ್ಲಿ ಬರೆದಿರೋ ನಮೂನೆಯನ್ನೇ ಹಾಕಿ. ಇನ್ನೊಂದು ಕೆಟ್ಟ ಕೆಲ್ಸ ಅಂದ್ರೆ ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ತೆರೆದು ಕೂಲೆಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ಕಿತ್ತಾಕಿ ಮಾರೋದು. ಬಿಸಿ ಏರೋ ಗಾಡೀಲಿ ಥರ್ಮೋಸ್ಟಾಟ್ ತೆಗೆದ್ರೆ ಟೆಸ್ಟ್ ಡ್ರೈವ್‌ನಲ್ಲಿ ಟೆಂಪರೇಚರ್ ಮುಳ್ಳು ಬಿಸಿ ಕಡೆ ಹೋಗಲ್ಲ, ಆದ್ರೆ ಇಂಜಿನ್ ಕಾಯೋಕೆ ವಿಪರೀತ ಹೊತ್ತು ತಗೊಳ್ಳುತ್ತೆ, ಹೀಟರ್ ಸರಿಯಾಗಿ ಬೆಚ್ಚಗಾಗಲ್ಲ, ಪಿ0128 ಅನ್ನೋ ದೋಷದ ಕೋಡ್ ಗಾಡಿಯ ಕಂಪ್ಯೂಟರ್‌ನಲ್ಲಿ (ಇಸಿಯು) ಬರುತ್ತೆ.

ಆ ಕೋಡನ್ನೂ ಅಳಿಸಿರ್ತಾರೆ, ಸರಿ. ಇಎಲ್‌ಎಂ327 ತರದ ಸಣ್ಣ ಒಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರ್ ಮಾಹಿತಿಯನ್ನ ಫೋನಿಗೆ ಕೊಡೋ ಸಾಧನ) ಒಂದು ಇಟ್ಕೊಂಡ್ರೆ ಅದೂ ಗೊತ್ತಾಗುತ್ತೆ, ಯಾಕಂದ್ರೆ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನ ಬಹಳಷ್ಟು ಇಸಿಯುಗಳು ಲೆಕ್ಕ ಇಟ್ಟಿರ್ತವೆ, ಆ್ಯಪ್‌ನಲ್ಲಿ ಕಾಣುತ್ತೆ. ಅಲ್ಲಿ 12 ಕಿಲೋಮೀಟರ್ ಅಂತ ಇದ್ದು, ರೆಡಿನೆಸ್ ಮಾನಿಟರ್‌ಗಳು (ಗಾಡಿ ತನ್ನನ್ನೇ ಪರೀಕ್ಷೆ ಮಾಡ್ಕೊಳ್ಳೋ ಲೆಕ್ಕ) ಇನ್ನೂ ಪೂರ್ತಿ ಆಗಿಲ್ಲ ಅಂತ ತೋರ್ಸಿದ್ರೆ ನಿಮಗೆ ಗಾಡಿ ತೋರಿಸೋ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿದಾರೆ ಅಥವಾ ಬ್ಯಾಟರಿ ಬಿಚ್ಚಿದಾರೆ ಅಂತ ಅರ್ಥ. ಗಾಡಿ ತಗೊಳ್ಳೋ ಮುಂಚೆ ಈ ಒಂದು ನಿಮಿಷ ಎಲ್ರೂ ಖರ್ಚು ಮಾಡ್ಬೇಕು, ನಾನು ಮಾಡ್ಲಿಲ್ಲ.

ಅದೇ ಅಡಾಪ್ಟರ್ ಇನ್ನೊಂದಕ್ಕೂ ಬೇಕು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಿಜ ಹೇಳಲ್ಲ, ಬಹಳಷ್ಟು ಗಾಡಿಗಳಲ್ಲಿ ದೊಡ್ಡ ವ್ಯತ್ಯಾಸ ಆದ್ರೂ ಅದು ಮಧ್ಯದಲ್ಲೇ ನಿಂತಿರೋ ಹಾಗೆ ಮಾಡಿಟ್ಟಿರ್ತಾರೆ, ಅದು ಏರೋಕೆ ಶುರು ಆಯ್ತು ಅಂದ್ರೆ ಆಗ್ಲೇ ತಡ ಆಗಿರುತ್ತೆ. ಲೈವ್ ಡೇಟಾದಲ್ಲಿ ಕೂಲೆಂಟ್ ಟೆಂಪರೇಚರ್ ನೋಡಿ. ಬಹಳಷ್ಟು ಥರ್ಮೋಸ್ಟಾಟ್‌ಗಳು 82ರಿಂದ 88 ಡಿಗ್ರಿ ಸುತ್ತಮುತ್ತ ತೆರೆಯೋಕೆ ಶುರು ಮಾಡ್ತವೆ, ಆಮೇಲೆ ಅಂಕಿ ಒಂದು ಸಣ್ಣ ಅಂತರದಲ್ಲಿ ಮೇಲೆ ಕೆಳಗೆ ಆಡ್ತಿರ್ಬೇಕು. ಮೈನಸ್ 40 ಅಂತ ತೋರ್ಸಿದ್ರೆ ಗಾಬರಿ ಬೇಡ, ಸೆನ್ಸರ್ ವೈರ್ ಕಟ್ಟಾಗಿದೆ ಅಥವಾ ಕನೆಕ್ಟರ್ ಕಳಚಿದೆ ಅಷ್ಟೇ, ಆ ಲೆಕ್ಕದಲ್ಲಿ ಇರೋ ಅತಿ ಕಡಿಮೆ ಅಂಕಿ ಅದೇ.

ಕೂಲೆಂಟ್ ಕಮ್ಮಿ ಆಗ್ದೆ ಬರೀ ಬಿಸಿ ಏರ್ತಿದ್ರೆ ಯಾವಾಗ ಏರುತ್ತೆ ಅಂತ ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ. ನಿಂತು ನಿಂತು ಹೋಗೋ ಟ್ರಾಫಿಕ್‌ನಲ್ಲಿ ಏರಿ, ಓಡೋಕೆ ಶುರು ಮಾಡಿದ ಕೂಡ್ಲೇ ಇಳಿದ್ರೆ ಫ್ಯಾನ್, ಅದರ ರಿಲೇ, ಫ್ಯೂಸ್. ಎಸಿ ಆನ್ ಮಾಡಿ ನೋಡಿ, ಬಹಳಷ್ಟು ಗಾಡಿಗಳಲ್ಲಿ ಎಸಿ ಜೊತೆಗೇ ಫ್ಯಾನ್ ತಿರುಗ್ಬೇಕು. ಉಲ್ಟಾ, ಹೈವೇನಲ್ಲಿ ಜೋರಾಗಿ ಹೋದಾಗ, ಏರು ಹತ್ತುವಾಗ ಮಾತ್ರ ಏರ್ತಿದ್ರೆ ರೇಡಿಯೇಟರ್ ಕಟ್ಟಿದೆ, ಇಲ್ಲಾ ಥರ್ಮೋಸ್ಟಾಟ್ ಅರ್ಧಕ್ಕೇ ತೆರೀತಿದೆ, ಇಲ್ಲಾ ಕೂಲೆಂಟ್ ತಳ್ಳೋ ವಾಟರ್ ಪಂಪಿನ ಇಂಪೆಲ್ಲರ್ (ಒಳಗಿನ ರೆಕ್ಕೆ ಚಕ್ರ) ಸವೆದಿದೆ ಅಥವಾ ಪ್ಲಾಸ್ಟಿಕ್ ಇಂಪೆಲ್ಲರ್ ಬಿರುಕು ಬಿಟ್ಟು ಶಾಫ್ಟ್ ಮೇಲೆ ಜಾರ್ತಿದೆ.

ಇನ್ನು ಸೋರಿಕೆ ಹುಡುಕೋದು. ನೆಲದ ಮೇಲೆ ಹನಿ ಇಲ್ಲ ಅಂದ ಮಾತ್ರಕ್ಕೆ ಹೊರಗೆ ಸೋರ್ತಿಲ್ಲ ಅಂತ ಅಲ್ಲ, ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ಬಿಸಿ ಬ್ಲಾಕಿನ ಮೇಲೆ ಬಿದ್ದ ಹನಿಯ ನೀರು ಅಲ್ಲೇ ಆವಿ ಆಗಿಹೋಗುತ್ತೆ, ನೆಲ ಮುಟ್ಟಲ್ಲ. ಉಳಿಯೋದು ಒಂದು ಒಣಗಿದ ಗೆರೆ, ಬಿಳಿ ಅಥವಾ ಹಸಿರು ಅಥವಾ ಗುಲಾಬಿ, ಉಪ್ಪು ಕಟ್ಟಿದ ಹಾಗೆ. ಟಾರ್ಚು ಮತ್ತೆ ಒಂದು ಸಣ್ಣ ಕನ್ನಡಿ ಹಿಡ್ಕೊಂಡು ಈ ಗೆರೆಯನ್ನ ಹುಡುಕಿ, ಒದ್ದೆ ಜಾಗ ಅಲ್ಲ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರೋ ಮಡಚಿದ ಅಂಚು, ಹೋಸ್ ಕ್ಲಾಂಪ್‌ಗಳ ಕೆಳಗೆ, ಥರ್ಮೋಸ್ಟಾಟ್ ಹೌಸಿಂಗ್ ಪ್ಲಾಸ್ಟಿಕ್ಕಿನದಾದ್ರೆ ಅದರ ಜೋಡಣೆ, ಥ್ರಾಟಲ್ ಬಾಡಿಗೆ ಹೋಗೋ ಸಣ್ಣ ಪೈಪು. ಎಲ್ಲಕ್ಕಿಂತ ಹೆಚ್ಚಾಗಿ ವಾಟರ್ ಪಂಪಿನ ವೀಪ್ ಹೋಲ್. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗ್‌ಗೆ ನುಗ್ಗದೆ ಹೊರಗೆ ಬರ್ಲಿ ಅಂತ ಇಟ್ಟಿರೋ ಸಣ್ಣ ತೂತು ಅದು, ಸಾಮಾನ್ಯವಾಗಿ ಕೆಳಗಡೆ ಇರುತ್ತೆ, ಮೇಲಿಂದ ನೋಡಿದ್ರೆ ಕಾಣೋದೇ ಇಲ್ಲ. ಕಾರಿನ ಒಳಗೆ ಸಿಹಿ ವಾಸನೆ, ಮುಂದಿನ ಗಾಜಿಗೆ ಒಳಗಿಂದ ಜಿಡ್ಡು ಮಂಜು, ಕಾಲ ಕೆಳಗಿನ ಕಾರ್ಪೆಟ್ ಒದ್ದೆ ಇದ್ರೆ ಹೀಟರ್ ಕೋರ್. ಡೀಸೆಲ್ ಗಾಡಿ ಆದ್ರೆ ಇಜಿಆರ್ ಕೂಲರ್ ಮರೀಬೇಡಿ, ಅದು ಒಡೆದ್ರೆ ಕೂಲೆಂಟ್ ನೇರ ಇನ್‌ಟೇಕಿಗೋ ಎಕ್ಸಾಸ್ಟಿಗೋ ಹೋಗಿ ಸುಟ್ಟುಹೋಗುತ್ತೆ, ಲಕ್ಷಣ ಥೇಟ್ ಹೆಡ್ ಗ್ಯಾಸ್ಕೆಟ್ ಹೋದ ಹಾಗೇ ಇರುತ್ತೆ.

ಕಣ್ಣಿಗೆ ಸಿಗ್ಲಿಲ್ಲ ಅಂದ್ರೆ ಪ್ರೆಶರ್ ಟೆಸ್ಟ್. ಮುಚ್ಚಳದ ಜಾಗಕ್ಕೆ ಕೂರೋ ಅಡಾಪ್ಟರ್, ಕೈಪಂಪು, ಗೇಜ್, ಇಷ್ಟೇ ಸಾಮಾನು. ಇಂಜಿನ್ ತಣ್ಣಗಿರೋವಾಗ ಮುಚ್ಚಳದ ಮೇಲೆ ಬರೆದಿರೋ ಒತ್ತಡದವರೆಗೆ ಮಾತ್ರ ಪಂಪ್ ಮಾಡಿ, ಅದಕ್ಕಿಂತ ಮೇಲೆ ಹೋದ್ರೆ ಚೆನ್ನಾಗಿರೋ ರೇಡಿಯೇಟರ್‌ನ ನೀವೇ ಒಡೆದ ಹಾಗಾಗುತ್ತೆ. 15ರಿಂದ 20 ನಿಮಿಷ ಮುಳ್ಳು ಅಲ್ಲಾಡ್ಬಾರ್ದು. ತಣ್ಣಗಿದ್ದಾಗ ಮಾಡೋದ್ರ ಲಾಭ ಏನಂದ್ರೆ ಬಂದ ಹನಿ ಆವಿ ಆಗ್ದೆ ಹನಿಯಾಗೇ ಉಳಿಯುತ್ತೆ, ಎಲ್ಲಿಂದ ಬಂತು ಅಂತ ಕಾಣುತ್ತೆ. ಮುಳ್ಳು ಇಳೀತಿದೆ ಆದ್ರೆ ಹೊರಗೆ ಎಲ್ಲೂ ಹನಿ ಇಲ್ಲ, ಕಾರ್ಪೆಟ್ಟೂ ಒಣಗಿದೆ ಅಂದ್ರೆ ಆಗ ಇಂಜಿನ್ ಒಳಗಡೆ ಅನುಮಾನ ಪಡಿ, ಅಲ್ಲಿವರೆಗೂ ಬೇಡ. ಸ್ಪಾರ್ಕ್ ಪ್ಲಗ್‌ಗಳನ್ನ ಬಿಚ್ಚಿ, ಒತ್ತಡ ಹಾಕಿ ಕೆಲವು ಗಂಟೆ ಬಿಟ್ಟು, ಇಗ್ನಿಷನ್ ಮತ್ತೆ ಇಂಜೆಕ್ಟರ್ ಫ್ಯೂಸ್ ತೆಗೆದು ಕ್ರ್ಯಾಂಕ್ ಮಾಡಿ, ಯಾವ ಸಿಲಿಂಡರಿಗೆ ನುಗ್ಗಿದ್ಯೋ ಆ ತೂತಿನಿಂದ ಕೂಲೆಂಟ್ ಚಿಮ್ಮುತ್ತೆ, ಮುಖ ದೂರ ಇಟ್ಕೊಳ್ಳಿ. ಬೋರ್‌ಸ್ಕೋಪ್ ಕ್ಯಾಮೆರಾ ಸಿಕ್ಕಿದ್ರೆ ಪಿಸ್ಟನ್ ತಲೆ ನೋಡಿ, ಮೂರು ಪಿಸ್ಟನ್ ಕಪ್ಪಗಿದ್ದು ಒಂದು ಮಾತ್ರ ತೊಳೆದ ಹಾಗೆ ಹೊಳೀತಿದ್ರೆ ಅಲ್ಲಿ ಆವಿ ಓಡಾಡಿದೆ.

ಹೆಡ್ ಗ್ಯಾಸ್ಕೆಟ್ ಅಂತ ಖಚಿತ ಮಾಡ್ಕೊಳ್ಳೋಕೆ ಇನ್ನೂ ಮೂರು ದಾರಿ ಇದೆ. ಅತಿ ಸುಲಭದ್ದು, ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಮುಚ್ಚಳ ಬೆಳಿಗ್ಗೆ ತೆಗೆದಾಗ ಹಿಸ್ ಅಂತ ಗಾಳಿ ಹೊರಬಂದ್ರೆ, ಅಥವಾ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ ಆದ್ರೆ, ಅದು ಬಿಸಿಯಿಂದ ಬಂದ ಒತ್ತಡ ಅಲ್ಲ, ಸಿಲಿಂಡರಿನ ಗ್ಯಾಸ್ ಕೂಲೆಂಟ್ ಒಳಗೆ ನುಗ್ತಿದೆ. ಎರಡನೇದು ಬಣ್ಣದ ದ್ರಾವಣದ ಟೆಸ್ಟ್, ಬಾಟ್ಲಿ ಮೇಲ್ಭಾಗದ ಗಾಳಿಯನ್ನ ನೀಲಿ ದ್ರಾವಣದ ಮೂಲಕ ಎಳೀತಾರೆ, ಕಾರ್ಬನ್ ಡೈಆಕ್ಸೈಡ್ ಇದ್ರೆ ಪೆಟ್ರೋಲ್ ಇಂಜಿನ್ನಲ್ಲಿ ಹಳದಿಗೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗುತ್ತೆ. ಕೂಲೆಂಟೇ ದ್ರಾವಣಕ್ಕೆ ಸೇರಿಬಿಟ್ರೆ ಟೆಸ್ಟ್ ಕೆಟ್ಟಿತು, ಮಟ್ಟ ಸ್ವಲ್ಪ ಇಳಿಸಿ ಮಾಡಿ. ಐಡಲ್‌ನಲ್ಲಿ ಪಾಸ್ ಆದ್ರೂ ಸಮಾಧಾನ ಬೇಡ, ಕೆಲವು ಗ್ಯಾಸ್ಕೆಟ್ ಲೋಡ್ ಬಿದ್ದಾಗ ಮಾತ್ರ ಬಿಡುತ್ತೆ, ಏರು ಹತ್ತಿಸಿ ಬಂದ ತಕ್ಷಣ ಇನ್ನೊಂದ್ಸಲ ಮಾಡ್ಬೇಕು. ಆದ್ರೆ ಬಿಸಿ ಗಾಡಿ ಮುಚ್ಚಳ ತೆಗೀಬೇಕಾಗೋದ್ರಿಂದ ಆ ಭಾಗ ಮಾತ್ರ ಅಭ್ಯಾಸ ಇರೋರ ಕೈಗೆ ಬಿಡಿ. ಮೂರನೇದು ಲೀಕ್‌ಡೌನ್, ಒಂದೊಂದೇ ಸಿಲಿಂಡರಿಗೆ ಗಾಳಿ ತುಂಬಿ ರೇಡಿಯೇಟರಲ್ಲಿ ಗುಳ್ಳೆ ಬರುತ್ತಾ ನೋಡೋದು. ಕಂಪ್ರೆಷನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಬಂದ್ರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರೋ ಸಾಧ್ಯತೆ ಹೆಚ್ಚು.

ಆಯಿಲ್ ಮುಚ್ಚಳದ ಕೆನೆ ವಿಷ್ಯಕ್ಕೆ ಬರ್ತೀನಿ, ನನ್ನ ಗಾಡಿಗೆ ಹೆಡ್ ಇಳಿಸ್ಬೇಕು ಅಂದಿದ್ದೇ ಅದನ್ನ ನೋಡಿ. ಸಣ್ಣ ಸಣ್ಣ ಓಡಾಟ ಮಾತ್ರ ಮಾಡೋ ಗಾಡೀಲಿ ಇಂಜಿನ್ ಪೂರ್ತಿ ಕಾಯೋದೇ ಇಲ್ಲ, ಒಳಗಿನ ತೇವ ಅತಿ ತಣ್ಣಗಿರೋ ಜಾಗದಲ್ಲಿ ಅಂದ್ರೆ ಮುಚ್ಚಳದಲ್ಲಿ ಕೂತು ಆಯಿಲ್ ಜೊತೆ ಸೇರಿ ಕೆನೆ ಆಗುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯೋ ಕಡ್ಡಿ) ಎಳೆದು ನೋಡಿ, ಅದ್ರಲ್ಲೂ ಆಯಿಲ್ ಬೆಳ್ಳಗೆ ಕಲಸಿದ ಹಾಗಿದ್ರೆ, ಮಟ್ಟ ಏರಿದ್ರೆ ಆಗ ನಿಜವಾಗ್ಲೂ ಚಿಂತೆ, ಗಾಡಿ ಓಡಿಸ್ಲೇಬೇಡಿ. ಡಿಪ್‌ಸ್ಟಿಕ್ ಸ್ವಚ್ಛ ಇದ್ರೆ ಮುಚ್ಚಳ ಒರೆಸಿ, ಒಂದು ಗಂಟೆ ದೂರ ಓಡಿಸಿ ಮತ್ತೆ ನೋಡಿ. ಸೈಲೆನ್ಸರ್ ಬಿಳಿ ಹೊಗೆಯೂ ಹೀಗೇ, ಬೆಳಿಗ್ಗೆ ಬರೋದು ತೇವ, ಇಂಜಿನ್ ಪೂರ್ತಿ ಕಾದ ಮೇಲೂ ದಟ್ಟವಾಗಿ ಸಿಹಿ ವಾಸನೆ ಜೊತೆ ಬರ್ತಾನೇ ಇದ್ರೆ ಕೂಲೆಂಟ್.

ಗ್ಯಾಸ್ಕೆಟ್ಟೇ ಹೋಗಿದೆ ಅಂತ ಟೆಸ್ಟಿನಲ್ಲಿ ಬಂದ್ರೆ ಗ್ಯಾಸ್ಕೆಟ್ ಮಾತ್ರ ಹಾಕಿ ಮುಚ್ಚೋಕೆ ಬಿಡ್ಬೇಡಿ. ಹೆಡ್ ಸೊಟ್ಟ ಆಗಿದ್ಯಾ ಅಂತ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಲ್ಲಿ ಅಳೀಬೇಕು, ಎಷ್ಟೋ ಇಂಜಿನ್ನುಗಳಿಗೆ ಮಿತಿ 0.05 ಮಿಲಿಮೀಟರ್ ಸುತ್ತಮುತ್ತ, ನಿಮ್ಮದಕ್ಕೆ ಎಷ್ಟು ಅಂತ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಒಂದ್ಸಲ ಎಳೆದು ಬಿಗಿಸೋ ತರದ ಹೆಡ್ ಬೋಲ್ಟ್ ಆಗಿದ್ರೆ ಹೊಸದೇ ಹಾಕ್ಬೇಕು.

ನನ್ನ ಗಾಡೀಲಿ ಹೊಸ ಮುಚ್ಚಳ ಹಾಕಿದ್ರೂ ಕಮ್ಮಿ ಆಗೋದು ನಿಲ್ಲಲಿಲ್ಲ. ದ್ರಾವಣ ಎರಡು ಸಲವೂ ನೀಲಿಯಾಗೇ ಉಳೀತು, ಡಿಪ್‌ಸ್ಟಿಕ್ ಸ್ವಚ್ಛ. ಪ್ರೆಶರ್ ಟೆಸ್ಟ್ ಹಾಕಿ ಹತ್ತು ನಿಮಿಷಕ್ಕೆ ಮುಳ್ಳು ನಿಧಾನಕ್ಕೆ ಇಳೀತು, ಕೆಳಗಿನ ಶೀಲ್ಡ್ ಬಿಚ್ಚಿ ಕನ್ನಡಿ ಹಿಡಿದ್ರೆ ಪಂಪಿನ ವೀಪ್ ಹೋಲ್‌ನಿಂದ ಬ್ಲಾಕಿನ ಉದ್ದಕ್ಕೂ ಗುಲಾಬಿ ಗೆರೆ, ಅದರ ತುದೀಲಿ ಒಂದು ಹೊಸ ಹನಿ. ಆರಿಸಿ ತಣ್ಣಗಾಗುವಾಗ ಸವೆದ ಸೀಲ್ ಕುಗ್ಗಿ ಸ್ವಲ್ಪ ಜಿನುಗ್ತಿತ್ತು, ಶೀಲ್ಡ್ ಮೇಲೆ ಬಿದ್ದು ಒಣಗ್ತಿತ್ತು, ಅದಕ್ಕೇ ದಿನಕ್ಕೆ ನಾಲ್ಕೈದು ಸಲ ಆರಿಸಿದ ದಿನ ಜಾಸ್ತಿ ಹೋಗ್ತಿತ್ತು, ನೆಲಕ್ಕೆ ಏನೂ ಬೀಳ್ತಿರ್ಲಿಲ್ಲ. ಪಂಪು, ಅದರ ಸೀಲು, ಬೆಲ್ಟು ಬದಲಾಯ್ತು, ಹೆಡ್ಡಿಗೆ ಯಾರೂ ಕೈ ಹಾಕ್ಲಿಲ್ಲ.

ಪಂಪ್ ಹಾಕಿದ ಮಾರನೇ ದಿನ ಟೆಂಪರೇಚರ್ 104ಕ್ಕೆ ಹೋಯ್ತು, ಹೀಟರ್ ತಣ್ಣನೆ ಗಾಳಿ ಬಿಡ್ತಿತ್ತು, ಒಂದು ಕ್ಷಣ ಎದೆ ಧಸಕ್ ಅಂತು. ಅದು ಏರ್ ಲಾಕ್, ಅಂದ್ರೆ ಒಳಗೆ ಸಿಕ್ಕಿಹಾಕ್ಕೊಂಡ ಗಾಳಿ ಕೂಲೆಂಟ್ ಹರಿಯೋಕೆ ಬಿಡ್ತಿರ್ಲಿಲ್ಲ. ತಣ್ಣಗಾದ ಮೇಲೆ ಗಾಡಿ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಫುಲ್ ಬಿಸಿಗಿಟ್ಟು, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲೋವರೆಗೂ ನಿಧಾನಕ್ಕೆ ತುಂಬಿಸ್ತಾ ಹೋದೆ, ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಡಕ್ಕನೆ ಇಳೀತು, ಸುಮಾರು ಅರ್ಧ ಲೀಟರ್ ಹಿಡೀತು. ಕೆಲವು ಇಂಜಿನ್ನುಗಳಿಗೆ ಗಾಳಿ ಬಿಡೋಕೆ ಬೇರೆ ಸ್ಕ್ರೂನೇ ಇರುತ್ತೆ, ಮ್ಯಾನ್ಯುಯಲ್‌ನಲ್ಲಿ ಎಲ್ಲಿದೆ ನೋಡ್ಕೊಳ್ಳಿ. ರಿಪೇರಿ ಆದ ಮೇಲೂ ಎರಡು ವಾರ ಬೆಳಿಗ್ಗೆ ಬೆಳಿಗ್ಗೆ ಆ ಟೇಪಿನ ಗೆರೆ ನೋಡೋದು ಬಿಡ್ಬೇಡಿ. ಮೊದಲ ಎರಡು ದಿನ ಉಳಿದ ಗಾಳಿ ಹೊರಟು ಸ್ವಲ್ಪ ಇಳೀಬಹುದು, ಅಷ್ಟನ್ನ ತುಂಬಿಸಿ. ಮೂರನೇ ದಿನದಿಂದ ನನ್ನ ಪುಸ್ತಕದಲ್ಲಿ ಪ್ರತಿ ಸಾಲಲ್ಲೂ ಒಂದೇ ಮಟ್ಟ.